ಕೆ.ಆರ್. ಪುರದಲ್ಲಿ ನೀಲಿ ಹೊಗೆ

ಕೆ.ಆರ್. ಪುರ ದಾಟುವ ಮೊದಲೇ ನಮ್ಮ ಲಾರಿ ಹಿಂದೆ ಬರುವವರಿಗೆಲ್ಲ ನೀಲಿ ಹೊಗೆಯ ಧೂಪ ಹಾಕತೊಡಗಿತು. ಸಂಜೆ ಕೋಲಾರದ ಮದುವೆಯಲ್ಲಿ ನನ್ನ ಮಿಮಿಕ್ರಿ. ಸ್ಪೀಕರ್‌ಗಳೆಲ್ಲ ಇದೇ ಲಾರಿಯಲ್ಲಿ. ಅವಿಲ್ಲದಿದ್ದರೆ ನಾನು ಸೊಳ್ಳೆಗೆ ಸಮ.

"ಟರ್ಬೋ ಹೋಯ್ತು ಮಗಾ, ಇವತ್ತು ಇಲ್ಲೇ ಠಿಕಾಣಿ," ಎಂದು ಡ್ರೈವರ್ ಸೆಲ್ವಂ ಅಣ್ಣ ರಸ್ತೆ ಬದಿಯ ಗ್ಯಾರೇಜಿಗೆ ತಿರುಗಿಸಿದ. ಎಂದಿನಂತೆ ನಾನು ಅವನದೇ ದನಿಯಲ್ಲಿ ಅತ್ತು ತೋರಿಸಿದೆ.

ಮೆಕ್ಯಾನಿಕ್ ನಯಾಜ್ ಭಾಯ್ ಇಂಜಿನ್ನಿಗೆ ಗಾಳಿ ನೂಕುವ ಟರ್ಬೋದ ಪೈಪು ಬಿಚ್ಚಿದರು. ಒಳಗೆಲ್ಲ ಎಣ್ಣೆ. ಅದರ ಶಾಫ್ಟನ್ನು ಬೆರಳಿನಿಂದ ಅಲುಗಿಸಿ ನೋಡಿದರು, ಸವೆದು ಸಡಿಲವಾಗಿರಲಿಲ್ಲ.

"ಟರ್ಬೋ ಚೆನ್ನಾಗೇ ಇದೆ ರೀ," ಎಂದವರು, ಇಂಜಿನ್ ಗಾಳಿ ಎಳೆಯುವ ಬಾಯಿಗೆ ಬಿಗಿಯಾಗಿ ಸುತ್ತಿದ್ದ ಲುಂಗಿಯೊಂದನ್ನು ಬಿಚ್ಚಿ ಎತ್ತಿ ಹಿಡಿದರು.

"ಧೂಳು ಹೋಗ್ಬಾರ್ದು ಅಂತ ನಾನೇ ಕಟ್ಟಿದ್ದು," ಎಂದ ಸೆಲ್ವಂ ಅಣ್ಣ.

"ಮೂಗು ಮುಚ್ಚಿದ್ರೆ ಅದೇನ್ ಮಾಡ್ತದೆ ಪಾಪ? ಗಾಳಿ ಸಿಗ್ದೆ ಎಣ್ಣೆನೇ ಎಳ್ಕೊಂಡು ಸುಡ್ತದೆ."

ಪೈಪು ಒರೆಸಿ ಜೋಡಿಸಿದರು. ಇಂಜಿನ್ ಶುರುವಾಯಿತು. ಉಳಿದಿದ್ದ ಎಣ್ಣೆ ಸ್ವಲ್ಪ ಹೊತ್ತು ಹೊಗೆಯಾಗಿ, ಆಮೇಲೆ ಹೊಗೆ ತಿಳಿಯಾಯಿತು.

ನಯಾಜ್ ಭಾಯ್‌ಗೆ ಅವರದೇ ದನಿಯಲ್ಲಿ ಸಲಾಂ ಹೊಡೆಯೋಣವೆಂದು ಬಾಯಿ ತೆರೆದೆ. ಆ ದನಿ ಬರಲೇ ಇಲ್ಲ. "ತುಂಬಾ ಉಪಕಾರ ಆಯ್ತು ಭಾಯ್," ಎಂದಷ್ಟೇ ನನ್ನ ಸ್ವಂತ ದನಿಯಲ್ಲಿ ಹೇಳಿದೆ.

ಯಾರು ಮಾತಾಡಿದ್ದು ಎಂದು ಸೆಲ್ವಂ ಅಣ್ಣ ಸೀಟಿನಿಂದ ಬಗ್ಗಿ ನೋಡಿದ.