ನವೆಂಬರ್ ಒಂದರ ಎರಡನೇ ಸಾಲು

ಸ್ನೇಹಿತರೇ, ಇವತ್ತು ಬೆಳಿಗ್ಗೆ ಸಿದ್ಧಕಟ್ಟೆಯಲ್ಲಿ ನನ್ನ ಮರ್ಯಾದೆ ಹೋಯಿತು.

ಶಾಲೆಯ ಜಗಲಿಯ ಕರಿಹಲಗೆಯಲ್ಲಿ ದಿನಕ್ಕೊಂದು ಚರಿತ್ರೆಯ ಸಂಗತಿ ಬರೆಯುವುದು ಮೇಷ್ಟ್ರಾದ ನನ್ನ ಚಟ. ಇಂದು ೧೯೫೭ರ ನವೆಂಬರ್ ಒಂದು. ‘ಕನ್ನಡ ನಾಡು ಒಂದಾಗಿ ಇಂದಿಗೆ ಒಂದು ವರ್ಷ’ ಎಂದು ಗಟ್ಟಿಯಾಗಿ ಓದಿಕೊಳ್ಳುತ್ತಲೇ ಬರೆದೆ. ಬುಟ್ಟಿ ಹೆಣೆಯುವ ಬಾಗಿ ಶಾಲೆಯೆದುರಿಗೇ ಇರುವ ಊರ ಬಾವಿಯಲ್ಲಿ ನೀರು ಸೇದುತ್ತಿದ್ದಳು; ಅವಳಿಗೆ ಅದು ಕೇಳಿಸಿತು.

“ಅದೇ ದಿನ ಅಲ್ವಾ ಮಾಷ್ಟ್ರೇ, ನಮ್ಮವರು ಮೊದಲ ಸಲ ಈ ಬಾವಿಯ ಹಗ್ಗ ಮುಟ್ಟಿದ್ದು? ಅದನ್ನೂ ಬರೆಯಿರಿ.”

“ಅದೆಲ್ಲ ಚರಿತ್ರೆ ಅಲ್ಲ ಮಾರಾಯ್ತಿ.”

“ಚರಿತ್ರೆ ಅಲ್ಲದಿದ್ದರೆ ನೀವು ಆ ದಿನ ಖಾಲಿ ಕೊಡಪಾನ ಹಿಡ್ಕೊಂಡು ವಾಪಸು ಹೋದದ್ದು ಯಾಕೆ?”

ಅಂದಿನಿಂದ ನಾನು ನೀರಿಗೆ ಹೋಗುತ್ತಿರುವುದು ಗುಡ್ಡದಾಚೆಯ ಬಾವಿಗೆ. ಸೀಮೆಸುಣ್ಣ ಎತ್ತಿಕೊಂಡು ಎರಡನೇ ಸಾಲು ಬರೆದೆ: ‘ಊರ ಬಾವಿ ಊರಿನವರೆಲ್ಲರದ್ದಾಗಿ ಇಂದಿಗೆ ಒಂದು ವರ್ಷ.’

ಸೀಮೆಸುಣ್ಣ ಕೆಳಗಿಟ್ಟು ಬಾವಿಕಟ್ಟೆಗೆ ಹೋಗಿ ಬೊಗಸೆ ಒಡ್ಡಿದೆ. ಬಾಗಿ ಒಂದು ಕ್ಷಣ ನನ್ನ ಮುಖ ನೋಡಿ, ನೀರು ಹೊಯ್ದಳು. ಕುಡಿದೆ.

“ಬರುವ ವರ್ಷಕ್ಕೆ ಮೂರನೇ ಸಾಲೂ ಆಯ್ತು ಮಾಷ್ಟ್ರೇ” ಎಂದಳು.

ಚರಿತ್ರೆಗೆ ಸೇರುವುದು ಇಷ್ಟು ಸುಲಭ ಎಂದು ಗೊತ್ತಿದ್ದರೆ, ಒಂದು ವರ್ಷ ಆ ಗುಡ್ಡ ಹತ್ತಿ ಇಳಿಯುತ್ತಿರಲಿಲ್ಲ.