ನಾನೇ ಕತ್ತರಿಸಿ ಎಸೆದ ಹಾರ್ನು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಎರಡೂ ಮುಕ್ಕಾಲು ಕೆ.ಜಿ. ತೂಕ, ತಲೆ ತುಂಬ ಕೂದಲು, ಅತ್ತರೆ ಇಡೀ ವಾರ್ಡಿಗೆ ಕೇಳಬೇಕು. ತಾಯಿ ಮಗು ಇಬ್ಬರೂ ಕ್ಷೇಮ. ಗಂಡಾದರೆ ಪೇಡ, ಹೆಣ್ಣಾದರೆ ಜಲೇಬಿ ಹಂಚುವುದು ಇಲ್ಲಿ ಸೂರತ್ತಿನ ಕಡೆ ರೂಢಿ. ನಾನು ಎರಡನ್ನೂ ಹಂಚಿದೆ. ಆಸ್ಪತ್ರೆಯ ಆಯಾಗೆ, ಪಾನ್ ಅಂಗಡಿಯವನಿಗೆ, ಗುರುತು ಪರಿಚಯ ಇಲ್ಲದ ರಿಕ್ಷಾದವನಿಗೂ ತಿನ್ನಿಸಿದೆ. ಈ ಸಂತೋಷ ಹೇಳದೆ ಮುಂದಿನದನ್ನು ಬರೆಯಲು ನನಗೆ ಆಗುವುದೇ ಇಲ್ಲ.

ಇನ್ನು ಮುಂದಿನದು ನಡೆದದ್ದು. ನಂಬಿದರೆ ನಂಬಿ, ಬಿಟ್ಟರೆ ಬಿಡಿ ಅಂತ ನಾನು ಹೇಳುವವನಲ್ಲ, ನಂಬಲೇಬೇಕು. ದೋಣಿಯಲ್ಲಿ ನಾಲ್ವರಿದ್ದೆವು, ನಾಲ್ವರೂ ಕಿವಿಯಾರೆ ಕೇಳಿದ್ದೇವೆ. ನಾನು ಮೂರನೇ ಕ್ಲಾಸಿನ ತನಕ ಕಲಿತವನು. ಕಥೆ ಕಟ್ಟುವ ಬುದ್ಧಿ ನನಗಿಲ್ಲ.

ನಮ್ಮ ಊರು ಗಂಗೊಳ್ಳಿ. ಮೀಸೆ ಚಿಗುರುವ ಮೊದಲೇ ದೋಣಿ ಮೋಟಾರಿನ ಕೆಲಸಕ್ಕೆ ಬಿದ್ದವನು. ನಾಲ್ಕು ವರ್ಷದಿಂದ ಸೂರತ್ತಿನಾಚೆ, ತಾಪಿ ನದಿ ಸಮುದ್ರ ಸೇರುವ ಕಡೆ, ಜೆಟ್ಟಿ ಕಟ್ಟುವ ಕಂಟ್ರಾಕ್ಟರನ ದೋಣಿ ಬಿಡುತ್ತಿದ್ದೇನೆ. ನಾನೂ ಹೆಂಡತಿ ಗುಲಾಬಿಯೂ ದಂಡೆಯ ಮೇಲಿನ ತಗಡಿನ ಶೆಡ್ಡಿನಲ್ಲಿ ಇರುವುದು. ಒಬ್ಬಳೇ ಮಗಳು, ಶೈಲಾ. ಅಳಿಯ ದಿನೇಶ ವಡೋದರಾದ ಫತೇಗಂಜಿನಲ್ಲಿ ಒಂದು ಸಣ್ಣ ಉಡುಪಿ ಹೋಟೆಲು ಇಟ್ಟಿದ್ದಾನೆ.

ಮೊದಲ ಹೆರಿಗೆ ತವರಲ್ಲೇ ಆಗಬೇಕು, ಅದು ನಮ್ಮ ಪದ್ಧತಿ. ಅಳಿಯ ಬೇಡ ಅಂದಿದ್ದ.

"ಮಾವ, ಇಲ್ಲಿ ಮನಿ ಎದ್ರೇ ಆಸ್ಪತ್ರೆ ಇತ್ತ್. ನಿಮ್ ಶೆಡ್ಡಿಂದ ಪೇಟಿಗೆ ಹೋಪುಕೆ ಸಮ ರಸ್ತೆಯೂ ಇಲ್ಲೆ."

"ರಸ್ತೆ ಇಲ್ದಿರೆ ಎಂತ ಆಯ್ತ್? ನನ್ನತ್ರ ದೋಣಿ ಇಲ್ಯಾ?" ಅಂದುಬಿಟ್ಟೆ. ಹಟ ಹಿಡಿದು ಏಳನೇ ತಿಂಗಳಲ್ಲೇ ಮಗಳನ್ನು ಕರೆದುಕೊಂಡು ಬಂದೆ.

ಆ ದೋಣಿಯ ಮೋಟಾರಿನ ವಿಷಯ ಮಾತ್ರ ಅಳಿಯನಿಗೆ ಹೇಳಿರಲಿಲ್ಲ.

ದೋಣಿಯ ಹಿಂಬದಿಗೆ ತಗುಲಿಸುವ ಮೋಟಾರು ಅದು, ಯಾರೋ ಬಳಸಿ ಹಳತು ಮಾಡಿ ಮಾರಿದ್ದು. ಮೋಟಾರು ಬಿಸಿಯಾದರೆ ಕೂಗಿ ಹೇಳಲು ಅದಕ್ಕೊಂದು ಹಾರ್ನು ಇತ್ತು, ಅಂಗೈಯಗಲದ ಕರಿ ಡಬ್ಬಿ. ಬಿಸಿಯಾಗಲಿ ಆಗದಿರಲಿ ಅದು ಕೂಗುತ್ತಿತ್ತು. ಕೀ... ಅಂತ ಒಂದೇ ಎಳೆ, ಉಸಿರು ತೆಗೆಯದ ಕೂಗು. ಹಲ್ಲು ಜುಂ ಅನ್ನುತ್ತಿತ್ತು. ಬಿಸಿ ನೋಡುವ ಭಾಗ ಕೆಟ್ಟಿದೆ, ಹೊಸದು ಹಾಕು ಅಂತ ಜೆಟ್ಟಿ ಕೆಲಸದ ಇಂಜಿನಿಯರು ಹೇಳಿದ್ದರು. ಅದು ಸಿಗುವ ತನಕ ಕಾಯುವ ತಾಳ್ಮೆ ನನಗೆಲ್ಲಿ? ಹೋಳಿಯ ಮರುದಿನ ಎರಡೂ ವಯರು ಕತ್ತರಿಸಿ, ತುದಿಗಳಿಗೆ ಕೆಂಪು ಟೇಪು ಸುತ್ತಿ, ಹಾರ್ನನ್ನು ಜೆಟ್ಟಿಯ ಮೇಲಿಂದ ನದಿಗೆ ಎಸೆದೆ. ಪೀಡೆ ಹೋಯಿತು ಅಂದುಕೊಂಡೆ.

ಈಗ ಆ ಸಂಜೆಗೆ ಬರುತ್ತೇನೆ.

ದಿನ ತುಂಬಲು ಇನ್ನೂ ಹದಿನೈದು ದಿನವಿತ್ತು. ಮೂರು ದಿನದ ಮಳೆಗೆ ಪೇಟೆಗೆ ಹೋಗುವ ಮಣ್ಣು ರಸ್ತೆಯ ಮೋರಿ ಕೊಚ್ಚಿಹೋಗಿತ್ತು. ಕತ್ತಲಾಗುವ ಹೊತ್ತಿಗೆ ಶೈಲಾಳಿಗೆ ನೋವು ಶುರುವಾಯಿತು. ಪಕ್ಕದ ಹಳ್ಳಿಯಲ್ಲಿ ಹೆರಿಗೆ ಮಾಡಿಸುವ ಕಾಶೀಬೆನ್ ಓಡಿ ಬಂದಳು. ಹೊಟ್ಟೆ ಮುಟ್ಟಿ ನೋಡಿದವಳ ಮುಖ ಸಣ್ಣಗಾಯಿತು.

"ಉಲ್ಟಾ ಹೈ, ಭಾಈ. ಪೈರ್ ನೀಚೇ. ಮೇರೇ ಬಸ್ ಕಾ ನಹೀಂ... ಸೂರತ್ ಲೇ ಜಾವ್."

ಮಗು ಕಾಲು ಮುಂದಾಗಿ ಕುಳಿತಿತ್ತು. ತನ್ನ ಕೈಯಲ್ಲಾಗುವುದಿಲ್ಲ, ಸೂರತ್ತಿಗೆ ಒಯ್ಯಿರಿ ಅಂದಳು. ದೋಣಿಯಲ್ಲಿ ಹೋದರೆ ಪೇಟೆಯ ಘಾಟಿಗೆ, ಅಂದರೆ ನದಿಯ ಮೆಟ್ಟಿಲಿಗೆ, ಒಂದು ಗಂಟೆ. ಬೇರೆ ದಾರಿಯೇ ಇರಲಿಲ್ಲ.

ಮಗಳನ್ನು ದೋಣಿಯ ತಳದಲ್ಲಿ ಗೋಣಿ, ಕಂಬಳಿ ಹಾಸಿ ಮಲಗಿಸಿದೆವು. ತಲೆ ಗುಲಾಬಿಯ ತೊಡೆಯ ಮೇಲೆ. ಪಕ್ಕದಲ್ಲಿ ಕಾಶೀಬೆನ್. ಮಳೆ ನಿಂತಿತ್ತು, ಆದರೆ ನದಿ ತುಂಬ ಕೊಳೆ... ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ಕಮಟು ವಾಸನೆ, ಉಬ್ಬಿದ ಹೂಮಾಲೆಗಳು, ತೇಲುವ ಪ್ಲಾಸ್ಟಿಕ್ಕು, ಬೂದಿ ಬೆರೆತ ನೊರೆ. ಸಾಲದ್ದಕ್ಕೆ ಇಳಿತದ ಹೊತ್ತು. ನೀರೆಲ್ಲ ಸಮುದ್ರದ ಕಡೆ ಎಳೆಯುತ್ತಿತ್ತು. ಮಧ್ಯದಲ್ಲಿ ಮೋಟಾರು ಕೈಕೊಟ್ಟರೆ ನಾವು ಪೇಟೆಗಲ್ಲ, ಕಡಲಿಗೆ.

ಅರ್ಧ ದಾರಿ ಸರಿಯಾಗಿಯೇ ಬಂದೆವು.

ಆಮೇಲೆ ಕೇಳಿತು.

ಕೀ...

ಬೇರೆ ದೋಣಿ ಇರಬೇಕು ಅಂತ ಕತ್ತೆತ್ತಿ ನೋಡಿದೆ. ನದಿಯ ಮೇಲೆ ಒಂದೇ ಒಂದು ದೀಪವಿರಲಿಲ್ಲ. ಕೂಗು ನಮ್ಮ ಹಿಂದೆಯೇ ಇತ್ತು. ಬಾಯಿಗೆ ಬಟ್ಟೆ ತುರುಕಿದ ಹಾಗೆ, ನೀರೊಳಗಿಂದ ಬಂದ ಹಾಗೆ...

"ಎಂತ ಅದ್ ಕೂಗೂದ್?" ಗುಲಾಬಿ ಕೇಳಿದಳು. "ಆ ಹಾರ್ನ್ ನೀವ್ ಬಿಸಾಕಿದ್ರಿ ಅಲ್ದಾ?"

ನನ್ನ ಕಣ್ಣು ಮೋಟಾರಿನ ಬದಿಯ ಸಣ್ಣ ತೂತಿನ ಮೇಲಿತ್ತು. ನಮ್ಮವರು ಅದನ್ನು ಮೋಟಾರಿನ ಉಚ್ಚೆ ಅನ್ನುತ್ತಾರೆ. ಒಳಗೆ ಹೋಗಿ ಮೋಟಾರನ್ನು ತಂಪು ಮಾಡಿದ ನೀರು ಆ ತೂತಿನಿಂದ ಧಾರೆಯಾಗಿ ಹೊರಗೆ ಬೀಳಬೇಕು. ಧಾರೆ ನಿಂತಿತ್ತು. ಒಂದು ಹನಿಯೂ ಇಲ್ಲ.

ಕೀಲಿ ತಿರುಗಿಸಿ ಮೋಟಾರು ನಿಲ್ಲಿಸಿದೆ. ಕೂಗೂ ನಿಂತಿತು.

ಮೋಟಾರನ್ನು ವಾಲಿಸಿ ಮೇಲೆತ್ತಿದೆ. ಗುಲಾಬಿ ಟಾರ್ಚು ಹಿಡಿದಳು. ನೀರು ಒಳಗೆ ಎಳೆದುಕೊಳ್ಳುವ ಜಾಲರಿ ಕಾಣಿಸುತ್ತಲೇ ಇರಲಿಲ್ಲ. ಅಲ್ಲೊಂದು ಕರಿ ಮುದ್ದೆ ಕಚ್ಚಿಕೊಂಡು ತೊಟ್ಟಿಕ್ಕುತ್ತಿತ್ತು.

ಕೈ ಹಾಕಿದೆ... ಲೋಳೆ. ಮೊದಲು ಸಿಕ್ಕಿದ್ದು ಕೆಂಪು ಚುನರಿ, ಇಲ್ಲಿನವರು ತಾಪಿಯನ್ನು ತಾಯಿ ಅಂತ ನದಿಗೆ ಅರ್ಪಿಸುವ ಸೀರೆಯಂಥ ಬಟ್ಟೆ. ಅದರೊಳಗೆ ಕೂದಲು. ಹೆಂಗಸಿನ ಉದ್ದ ಕೂದಲು. ಎಳೆದಷ್ಟೂ ಬರುತ್ತಿತ್ತು, ಒಂದು ಮಾರು, ಎರಡು ಮಾರು... ಬೆರಳ ಸಂದಿಗೆಲ್ಲ ಸುತ್ತಿಕೊಂಡಿತು. ಉಗುರಿನೊಳಗೆ ಜಿಡ್ಡು ಮೆತ್ತಿತು. ಸತ್ತ ಮೀನಿನ ನಾತದಲ್ಲೇ ಬೆಳೆದವನು ನಾನು, ಯಾವ ನಾತಕ್ಕೂ ಮೂಗು ಮುಚ್ಚಿದವನಲ್ಲ. ಆದರೆ ಇದು... ಕೊಳೆತ ಹೂವು, ಸುಟ್ಟ ಕೊಬ್ಬು, ಹಳಸಿದ ತಲೆಯೆಣ್ಣೆ. ನದಿಯ ನೀರು ಅಷ್ಟು ತಣ್ಣಗಿದ್ದರೂ ಆ ಮುದ್ದೆ ಬೆಚ್ಚಗಿತ್ತು. ಈಗಷ್ಟೇ ಯಾರದೋ ತಲೆಯಿಂದ ಇಳಿದ ಹಾಗೆ.

ಮುಖ ಪಕ್ಕಕ್ಕೆ ತಿರುಗಿಸಿ ಪೂರ್ತಿ ಕಿತ್ತು ತೆಗೆದೆ.

ಮೋಟಾರಿನ ಬಾಯಿಂದ ತೆಗೆದದ್ದನ್ನು ತಿರುಗಿ ನೀರಿಗೆ ಹಾಕಬಾರದು, ಮತ್ತೆ ಅದೇ ಬಾಯಿಗೆ ಬರುತ್ತದೆ. ನಾನು ಕಲಿತದ್ದು ಹಾಗೆ. ಅದಕ್ಕೇ ಆ ಹೇಸಿಗೆಯನ್ನು ದೋಣಿಯೊಳಗೇ, ನನ್ನ ಕಾಲ ಹತ್ತಿರ ಹಾಕಿಕೊಂಡೆ. ಬೀಳುವಾಗ ಒಳಗಿನ ಏನೋ ಗಟ್ಟಿ ವಸ್ತು ಹಲಗೆಗೆ ಠಣ್ ಅಂತ ತಾಗಿತು. ಪೂಜೆಯ ತೆಂಗಿನಕಾಯಿಯ ಗೆರಟೆ ಇರಬೇಕು ಅಂದುಕೊಂಡೆ.

ಮೋಟಾರು ಹೊತ್ತಿಕೊಂಡಿತು. ಧಾರೆ ಬಿತ್ತು. "ಹ್ಞಾ, ಸರಿಯಾಯ್ತ್" ಅಂದೆ. ಮಗಳು ನಗಲು ನೋಡಿದಳು ಪಾಪ.

ಐದು ನಿಮಿಷವೂ ಆಗಿರಲಿಲ್ಲ.

ಕೀ...

ಈ ಸಲ ನೀರೊಳಗಿಂದಲ್ಲ. ಹತ್ತಿರದಿಂದ. ಬಲು ಹತ್ತಿರದಿಂದ.

ಮೋಟಾರು ನಿಲ್ಲಿಸಿದೆ. ಕೂಗು ನಿಲ್ಲಲಿಲ್ಲ. ಕೀಲಿಯನ್ನೇ ಕಿತ್ತು ಕೈಯಲ್ಲಿ ಹಿಡಿದೆ. ನಿಲ್ಲಲಿಲ್ಲ. ಹಾರ್ನು ಇದ್ದ ಜಾಗಕ್ಕೆ ಟಾರ್ಚು ಬಿಟ್ಟೆ. ನಾನು ಕತ್ತರಿಸಿದ ಎರಡು ವಯರು, ನಾನೇ ಸುತ್ತಿದ ಕೆಂಪು ಟೇಪು. ಹಾಗೇ ಇದ್ದವು.

"ಅಪ್ಪಯ್ಯಾ... ನಿಲ್ಸಿ ಅದನ್ನ್..." ಶೈಲಾ ಕಿವಿ ಮುಚ್ಚಿಕೊಂಡಳು. "ನಂಗ್ ಆತಿಲ್ಲೆ..."

ಕಾಶೀಬೆನ್ ನನ್ನ ಮೊಣಕೈ ಹಿಡಿದಳು. ಹಿಂದಿ ಮರೆತು ಅವಳದೇ ಮಾತಿನಲ್ಲಿ ಪಿಸುಗುಟ್ಟಿದಳು. "ಭಾಈ, ಅವಾಜ್ ಮೋಟರ್‌ಮಾಂಥೀ ನಥೀ ಆವ್ತೋ."

ಸದ್ದು ಮೋಟಾರಿನಿಂದ ಬರುತ್ತಿಲ್ಲ. ಅವಳ ಕಣ್ಣು ನನ್ನ ಕಾಲ ಬುಡದಲ್ಲಿತ್ತು. ಆ ಮುದ್ದೆಯ ಮೇಲೆ.

ಮತ್ತೆ ಕೈ ಹಾಕಬೇಕಾಯಿತು. ಕೂದಲು ಬಿಡಿಸಿದೆ, ಲೋಳೆ ಸರಿಸಿದೆ, ಒಳಗೆ ಸಣ್ಣ ಬಿಳಿ ಹುಳುಗಳು ಮಿಡುಕುತ್ತಿದ್ದವು. ಅವುಗಳ ನಡುವೆ ಅಂಗೈಯಗಲದ ಕರಿ ಡಬ್ಬಿ.

ಹಾರ್ನು. ನನ್ನದೇ. ಹಿಂಬದಿಯಲ್ಲಿ ನಾನು ಮೊಳೆಯಿಂದ ಗೀಚಿದ್ದ ಗುರುತು ಇತ್ತು. ಎರಡು ತುಂಡು ವಯರು ಜಿರಳೆಯ ಮೀಸೆಯ ಹಾಗೆ ಹೊರಗೆ ಚಾಚಿದ್ದವು. ಬ್ಯಾಟರಿ ಇಲ್ಲ, ಏನೂ ಇಲ್ಲ. ನನ್ನ ಅಂಗೈಯ ಮೇಲೆ ಕುಳಿತು ಕೂಗುತ್ತಿತ್ತು. ಕೂಗಿದ ಹಾಗೆಲ್ಲ ಅದರ ಬಾಯಿಂದ ಕಪ್ಪು ನೀರು ಗುಳುಗುಳು ಅಂತ ಬರುತ್ತಿತ್ತು.

ಎಸೆಯಲು ಕೈ ಎತ್ತಿದೆ...

"ತಡೀರಿ!" ಗುಲಾಬಿ ಚೀರಿದಳು. "ಒಂದ್ ಸಲ ಬಿಸಾಕಿ ಆಯ್ತಲ್ದಾ? ಅದ್ ಕೂಗೂದ್ ಎಂತಕ್ಕ್? ಅದನ್ನ್ ಕಾಣಿ ಮೊದ್ಲ್!"

ಮೋಟಾರಿನ ಕೆಲಸದಲ್ಲಿ ಮುದುಕನಾದ ನನಗೆ ಅಡಿಗೆ ಮಾಡುವವಳು ಹೇಳಬೇಕಾಯಿತು. ಹಾರ್ನು ಕೂಗಿದರೆ ಕಾರಣ ಹುಡುಕಬೇಕು, ಹಾರ್ನನ್ನು ಬಡಿಯುವುದಲ್ಲ.

ಮುಚ್ಚಳ ತೆಗೆದು ಮೋಟಾರಿನ ತಲೆ ಮುಟ್ಟಿದೆ. ಬೆರಳು ಚುರ್ ಅಂದಿತು. ಮೇಲೆ ನದಿಯ ನೀರು ಚಿಮುಕಿಸಿದರೆ ಬಿಸಿ ಕಾವಲಿಯ ಹಾಗೆ ಚೊಂಯ್ ಅಂದಿತು. ಕತ್ತಲಲ್ಲಿ ಧಾರೆ ಮತ್ತೆ ನಿಂತದ್ದು ನನಗೆ ಕಂಡಿರಲೇ ಇಲ್ಲ. ಇನ್ನೆರಡು ನಿಮಿಷ ಓಡಿಸಿದ್ದರೆ ಒಳಗೆಲ್ಲ ಬಿಗಿದು ಮೋಟಾರು ಸತ್ತೇ ಹೋಗುತ್ತಿತ್ತು. ಆಗ ಇಳಿತ, ಕಡಲು, ಹೊಟ್ಟೆಯಲ್ಲಿ ಕಾಲು ಮುಂದಾದ ಮಗು...

"ನಿನ್ನ ತಲಿ ಪಿನ್ ಕೊಡ್" ಅಂದೆ.

ಗುಲಾಬಿ ಮುಡಿಯಿಂದ ಕಿತ್ತು ಕೊಟ್ಟಳು. ಹಾರ್ನನ್ನು ಹಲಗೆಯ ಮೇಲಿಟ್ಟು, ಮೋಟಾರನ್ನು ಮತ್ತೆ ಎತ್ತಿ, ಜಾಲರಿಯ ಒಂದೊಂದೇ ಸೀಳಿಗೆ ಪಿನ್ನು ಹಾಕಿ ಕೆದಕಿದೆ. ಒಳಗೆ ಇನ್ನೂ ಕೂದಲಿತ್ತು, ಸಣ್ಣ ಜಡೆಯ ಹಾಗೆ ಹೊಸೆದುಕೊಂಡು. ಕೊನೆಗೆ ಹಲ್ಲಿನಿಂದ ಕಚ್ಚಿ ಎಳೆದೆ. ಹೌದು, ಹಲ್ಲಿನಿಂದ. ಕೈ ಜಾರುತ್ತಿತ್ತು, ಮಗಳು ಒದ್ದಾಡುತ್ತಿದ್ದಳು, ಇನ್ನೇನು ಮಾಡಲಿ? ಆ ರುಚಿ ನಾಲಿಗೆಯ ಮೇಲೆ ಕುಳಿತೇಬಿಟ್ಟಿತು. ದೋಣಿಯ ಅಂಚಿಗೆ ಬಾಗಿ ಕರುಳೇ ಹೊರಬರುವ ಹಾಗೆ ಕಾರಿಕೊಂಡೆ. ಮತ್ತೆ ಬಂದು ಕಚ್ಚಿದೆ. ಎಲ್ಲ ಮುಗಿಯುವ ತನಕ ಆ ಕೂಗು ನಿಲ್ಲಲಿಲ್ಲ.

ಕೊನೆಯ ಎಳೆ ಹೊರಬಂತು.

ಕೂಗು ನಿಂತಿತು. ಯಾರೋ ಬಾಯಿ ಮುಚ್ಚಿಕೊಂಡ ಹಾಗೆ, ಥಟ್ಟನೆ.

ಮೋಟಾರು ತಣಿಯಲು ಬಿಟ್ಟಷ್ಟು ಹೊತ್ತೂ ನಾವು ಸಮುದ್ರದ ಕಡೆಗೇ ಜಾರುತ್ತಿದ್ದೆವು. ಆಮೇಲೆ ಕೀಲಿ ಹಾಕಿದೆ. ಹೊತ್ತಿತು. ಧಾರೆ ಬಿತ್ತು, ಹೆಬ್ಬೆರಳು ದಪ್ಪದ ಧಾರೆ! ಘಾಟು ಮುಟ್ಟುವ ತನಕ ನಾನು ಅದನ್ನೇ ನೋಡುತ್ತ ಬಂದೆ.

ಆಸ್ಪತ್ರೆಯಲ್ಲಿ ಸೀದಾ ಒಳಗೆ ಕರೆದುಕೊಂಡು ಹೋದರು. ಅರ್ಧ ಗಂಟೆಗೆ ಡಾಕ್ಟರಮ್ಮ ಹೊರಗೆ ಬಂದು, "ಲಕ್ಷ್ಮೀ ಆಯೀ ಹೈ" ಅಂದರು. ನಾನು ಅಳುತ್ತ ಅವರ ಕಾಲು ಮುಟ್ಟಲು ಹೋದೆ. ಅವರು ಮೂಗು ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. ನನ್ನ ಮೈಯ ನಾತ ಹಾಗಿತ್ತು.

ಬೆಳಿಗ್ಗೆ ಎಸ್‌ಟಿಡಿ ಬೂತಿನಿಂದ ಅಳಿಯನಿಗೆ ಫೋನು ಮಾಡಿ, ದೋಣಿಯ ಹತ್ತಿರ ಹೋದೆ. ಚುನರಿ, ಕೂದಲು ಎಲ್ಲ ಹಾಗೇ ಬಿದ್ದಿತ್ತು, ನೊಣ ಮುತ್ತಿತ್ತು. ಹಾರ್ನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಘಾಟಿನ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಬ್ಯಾಟರಿಗೆ ಹಿಡಿದು ನೋಡಿದ. ಸದ್ದಿಲ್ಲ. ಸ್ಕ್ರೂ ಬಿಚ್ಚಿದ. ಒಳಗೆ ಕೆಸರು, ತುಕ್ಕು, ಹುಳು. ಕೂಗುವ ತಗಡೇ ಕರಗಿ ಹೋಗಿತ್ತು.

"ಚಾಚಾ, ಯೇ ತೋ ಕಬ್ ಕಾ ಮರ್ ಗಯಾ", ಇದು ಸತ್ತು ಎಷ್ಟೋ ಕಾಲವಾಯಿತು ಅಂದು, ಚೀಲ ಸಮೇತ ನನ್ನ ಕಡೆ ದೂಡಿ, ಕೈ ತೊಳೆಯಲು ಓಡಿದ.

ಮಧ್ಯಾಹ್ನದ ರೈಲಿಗೆ ದಿನೇಶ ಬಂದ. ಹೋಟೆಲಿನಿಂದ ದೊಡ್ಡ ಕ್ಯಾರಿಯರು ತುಂಬ ಅನ್ನ, ಸಾರು, ಬೀನ್ಸ್ ಪಲ್ಯ. ಸಂಜೆ ಮಗಳ ಮಂಚದ ಪಕ್ಕ ಚಾಪೆ ಹಾಸಿ ಎಲ್ಲರೂ ಊಟಕ್ಕೆ ಕುಳಿತೆವು. ಶೈಲಾ ಮಂಚದ ಮೇಲೆ ಗಂಜಿ ಕುಡಿಯುತ್ತಿದ್ದಳು, ಮಗು ಅವಳ ಮಗ್ಗುಲಲ್ಲಿ. ಕಾಶೀಬೆನ್ ಪೇಟೆಯ ನೆಂಟರ ಮನೆಯಿಂದ ಖಿಚಡಿ ತಂದಿದ್ದಳು. ನಾನು ಏಳೆಂಟು ಸಲ ಸೋಪು ಹಚ್ಚಿ ತೊಳೆದ ಕೈಯನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದೆ.

ಆಮೇಲೆ ತಡೆಯಲಾಗದೆ ಎಲ್ಲವನ್ನೂ ಹೇಳಿದೆ. ಹೋಳಿಯ ಮರುದಿನದಿಂದ ಹಿಡಿದು.

ದಿನೇಶ ಸಾರಿನ ಸೌಟು ಕೆಳಗಿಟ್ಟ. "ಹಾರ್ನ್ ಕತ್ತರ್ಸದ್ದ್ ನೀವೇ. ಅದೇ ದೋಣಿಗ್ ನನ್ನ ಹೆಂಡ್ತಿನ್ ಹತ್ಸದ್ದೂ ನೀವೇ."

"ಹೌದ್."

"ಬೈಯೂಕೆ ಅಂತ್ಲೇ ರೈಲ್ ಹತ್ತಿದ್ದೆ, ಮಾವ." ಅವನು ಮಗುವಿನ ಕಡೆ ನೋಡಿದ. "ಅದ್ರ ಮುಖ ಕಂಡ್ ಮೇಲೆ ಆತಿಲ್ಲೆ. ಉಣ್ಣಿ."

ನನ್ನ ತಟ್ಟೆಗೆ ಅವನೇ ಸಾರು ಬಡಿಸಿದ. ಬಡಿಸುತ್ತ ಮೆಲ್ಲಗೆ ಕೇಳಿದ, "ಈಗ ಅದ್ ಎಲ್ಲಿತ್ತ್?"

ನಾನು ಕಿಟಕಿಯ ಕಡೆ ಗಲ್ಲ ತೋರಿಸಿದೆ. ಸರಳಿನ ಹೊರಗೆ ಆ ಪ್ಲಾಸ್ಟಿಕ್ ಚೀಲವನ್ನು ಕಟ್ಟಿ ನೇತುಹಾಕಿದ್ದೆ. ಇಟ್ಟುಕೊಳ್ಳಲು ಹೇಸಿಗೆ. ಎಸೆಯಲು... ನೀವೇ ಹೇಳಿ, ಹೇಗೆ ಎಸೆಯಲಿ?

ಯಾರೂ ಆ ಕಡೆ ತಿರುಗಲಿಲ್ಲ. ಗುಲಾಬಿ ಎಲ್ಲರ ತಟ್ಟೆಗೂ ಇನ್ನೊಂದು ಸುತ್ತು ಅನ್ನ ಹಾಕಿದಳು. ನಾನು ಕಣ್ಣು ಮುಚ್ಚಿ ಮೊದಲ ತುತ್ತು ಬಾಯಿಗಿಟ್ಟೆ, ನುಂಗಿದೆ. ಎಲ್ಲರೂ ಒಟ್ಟಿಗೆ ಉಂಡೆವು, ಕಿಟಕಿಗೆ ಬೆನ್ನು ಹಾಕಿ, ಸದ್ದು ಮಾಡದೆ.