ಮಣ್ಣಾದ ಬೆಲ್ಲ

ಸಕ್ಕರೆ ಕಾಯಿಲೆ ಸಕ್ಕರೆ ಫ್ಯಾಕ್ಟರಿಯಲ್ಲಿ ದುಡಿಯುವವರಿಗೆ ಮಾತ್ರ ಬರುತ್ತದೆಂದು ತೊಂಬತ್ತಾರನೇ ಇಸವಿಯವರೆಗೂ ನಾನು ನಂಬಿದ್ದೆ. ಕಲ್ಲು ಒಡೆಯುವವರಿಗೆ ಕೆಮ್ಮು ಬರುವುದಿಲ್ಲವೇ, ಹಾಗೆ. ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡು ಫೇಲಾದವನಿಗೆ ಇಷ್ಟಾದರೂ ಜ್ಞಾನ ಬೇಡವೇ? ಚಿನಕುರಳಿ ಹತ್ತಿರದ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೂಲಿಗೆ ಸೇರಿದ ಹೊಸದರಲ್ಲಿ, ಬೆಲ್ಲದ ಪಾಕ ನೋಡುವ ಮರಿಯಯ್ಯ ತನಗೆ ಸಕ್ಕರೆ ಕಾಯಿಲೆ ಎಂದಾಗ, "ಯಾವ ಫ್ಯಾಕ್ಟ್ರೀಲಿದ್ರಿ ಮರಿಯಣ್ಣ?" ಎಂದು ಕನಿಕರದಿಂದ ಕೇಳಿದೆ.

"ನಿಮ್ಮಪ್ಪ ನಿನ್ನ ಓದ್ಸಿದ್ನಲ್ಲ, ಆ ಫ್ಯಾಕ್ಟ್ರೀಲಿ ಕಣ್ಲಾ" ಎಂದ.

ಮರಿಯಯ್ಯ ಎಲ್ಲರೊಂದಿಗೂ ಮಾತಾಡುತ್ತಿದ್ದುದು ಹೀಗೆಯೇ. ಒಲೆಯ ಮೇಲೆ ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆ, ಅದರ ಪಕ್ಕದಲ್ಲಿ ಕುದಿಯುವ ಅವನು. ಯಾವುದು ಹೆಚ್ಚು ಬಿಸಿಯೆಂದು ನಮಗೆ ಗೊತ್ತಾಗುತ್ತಿರಲಿಲ್ಲ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಉಂಡೆ ಕಟ್ಟಿ, ನಾಲಿಗೆಗಿಟ್ಟು "ಇಳ್ಸಿ" ಎಂದರೆ ಇಳಿಸಬೇಕು. ಆ ನಾಲಿಗೆಯೇ ಅವನ ಅನ್ನ.

ಆ ನಾಲಿಗೆಗೇ ಸಂತೆಬಾಚಹಳ್ಳಿ ಸಂತೆಯಲ್ಲಿ ಒಬ್ಬ ಕೈ ಹಾಕಿದ. ವ್ಯಾನಿನ ಮೇಲೆ ಮೈಕು ಕಟ್ಟಿಕೊಂಡು ಸಕ್ಕರೆ ಕಾಯಿಲೆಗೆ ಮಧುನಾಶಿನಿ ಸೊಪ್ಪಿನ ಪುಡಿ ಮಾರುವವನು. ಮರಿಯಯ್ಯನ ಬಾಯಿಗೆ ಚಿಟಿಕೆ ಪುಡಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಬೆಲ್ಲ ಕೊಟ್ಟನಂತೆ. ಬೆಲ್ಲ ಮಣ್ಣಾಗಿತ್ತು! "ನಾಲಿಗೇಲಿ ಸಿಹಿ ಕೊಂದ ಸೊಪ್ಪು ರಕ್ತದಲ್ಲಿ ಬಿಡ್ತದಾ ಸ್ವಾಮಿ? ಬರೀ ಸೊಪ್ಪು, ಏನೂ ತೊಂದ್ರೆ ಮಾಡಲ್ಲ" ಎಂದ ಮೈಕಿನವನು. ಹುಟ್ಟಿದಾಗಿನಿಂದ ಸಿಹಿಯ ಜೊತೆಗೇ ಬಾಳಿದ ಮರಿಯಯ್ಯ ಸೋತುಹೋಗಿ ಪುಡಿ ಕೊಂಡು ತಂದ. ಡಾಕ್ಟರ ಮಾತ್ರೆಯನ್ನೂ ಬಿಡಲಿಲ್ಲ. "ಗಾಡಿಗೆ ಎರಡೆತ್ತು ಕಟ್ಟುದ್ರೆ ಬ್ಯಾಗ ಓಗಲ್ವೇನ್ಲಾ?" ಎಂದು ನನ್ನನ್ನೇ ಕೇಳಿದ. ಸಕ್ಕರೆ ಇನ್ನೂ ಬೇಗ ಇಳಿಯಲೆಂದು ಬೆಳಗಿನ ಮುದ್ದೆಯನ್ನೂ ಬಿಟ್ಟ.

ಒಂದು ಮಧ್ಯಾಹ್ನ ಪುಡಿ ಬಾಯಿಗೆ ಹಾಕಿಕೊಂಡು ಒಲೆಯ ಬಳಿ ನಿಂತವನು ಎಲ್ಲರನ್ನೂ ಬೈಯತೊಡಗಿದ. ದಿನವೂ ಬೈಯುತ್ತಿದ್ದುದರಿಂದ ಯಾರೂ ಲೆಕ್ಕಿಸಲಿಲ್ಲ. ಬೆವರುತ್ತಿದ್ದ. ಒಲೆಯ ಮುಂದೆ ಬೆವರದವರು ಯಾರು? ಕೈ ನಡುಗಿ ಸೌಟು ಕೊಪ್ಪರಿಗೆಗೆ ಬಿತ್ತು. ಅದರ ಹಿಂದೆಯೇ ಅವನೂ ವಾಲಿದ. ಆಲೆಮನೆ ಯಜಮಾನ ಚಿಕ್ಕಸ್ವಾಮಿ ಪಂಚೆ ಹಿಡಿದ, ನಾನು ಸೊಂಟ ಹಿಡಿದೆ. ಇಲ್ಲದಿದ್ದರೆ ಅವತ್ತಿನ ಪಾಕದಲ್ಲಿ ಮರಿಯಯ್ಯ ಬೇಯುತ್ತಿದ್ದ.

ಸಕ್ಕರೆ ಇಳಿದಿರಬೇಕೆಂದು ಚಿಕ್ಕಸ್ವಾಮಿ ಬಾಯಿಗೆ ಬೆಲ್ಲ ಇಟ್ಟ. ಮರಿಯಯ್ಯ ಥೂ ಎಂದು ಅವನ ಅಂಗಿಗೇ ಉಗಿದ. "ಮಣ್ ತಿನ್ನುಸ್ತೀಯೇನ್ಲಾ ನಂಗೆ!"

ನಾವೇ ಬೇಯಿಸಿದ ಬೆಲ್ಲ! ನಮಗೆ ಏನೂ ತೋಚಲಿಲ್ಲ. ಊಟ ತಂದಿದ್ದ ಅವನ ಹೆಂಡತಿ ದ್ಯಾವಮ್ಮನಿಗೆ ಮಾತ್ರ ತೋಚಿತು. ಬುತ್ತಿ ಬಿಸಾಕಿ, ಚೊಂಬಿನ ತುಂಬ ಕಬ್ಬಿನ ಹಾಲು ಹಿಡಿದು ಬಂದಳು.

"ಮಣ್ಣೇ ಅನ್ಕೊಂಡು ಕುಡಿ! ಕುಡೀದೆ ಓದ್ರೆ ನಾನೇ ಈ ಒಲೇಗೆ ಆಕ್ಬುಡ್ತೀನಿ!"

ಬೈಯುತ್ತಲೇ ಗುಟುಕು ಗುಟುಕಾಗಿ ಕುಡಿದ. ನಡುಕ ನಿಂತಿತು. ಬೈಗುಳ ನಿಲ್ಲಲಿಲ್ಲ.

ಪಾಂಡವಪುರದ ಡಾಕ್ಟರು ಅವನಿಗಿಂತ ಜೋರಾಗಿ ಬೈದರು. ನಾಲಿಗೆಯ ರುಚಿಗೂ ರಕ್ತದ ಸಕ್ಕರೆಗೂ ಸಂಬಂಧವಿಲ್ಲ. ಆ ಸೊಪ್ಪಿಗೆ ಸಕ್ಕರೆ ಇಳಿಸುವ ಗುಣ ಇರಬಹುದು, ಮಾತ್ರೆಯ ಮೇಲೆ ಅದನ್ನೂ ತಿಂದು ಊಟ ಬಿಟ್ಟರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ ಎಂದರು. "ಪುಡಿ ತಿಂತಿದ್ದೀನಿ ಅಂತ ಯಾಕಯ್ಯ ಹೇಳಲಿಲ್ಲ?"

"ಸೊಪ್ಪು ತಿಂದುದ್ನೆಲ್ಲ ಏಳುದ್ರೆ ನಮ್ಮನೆ ಬಸ್ಸಾರ್‍ನೂ ಏಳ್ಬೇಕಾಯ್ತದೆ ಸಾಮಿ."

ಡಾಕ್ಟರ ಬೈಗುಳವನ್ನು ಸಹಿಸಿಕೊಂಡ. ಸಹಿಸಲಾಗದ್ದು ಚಿಕ್ಕಸ್ವಾಮಿಯ ಮಾತು: "ಇನ್ಮೇಲೆ ಕೊಪ್ಪರಿಗೆ ತಾವ ಬರ್ಬೇಡ ಮರಿಯಣ್ಣ. ಸಿಪ್ಪೆ ಒಣಗಾಕು, ಸಾಕು." ಪಾಕ ನೋಡುವವನಿಗೆ ಒಲೆಗೆ ಹಾಕುವ ಕಬ್ಬಿನ ಸಿಪ್ಪೆ ಒಣಗಿಸುವ ಕೆಲಸ! ಮರಿಯಯ್ಯ ಸೌಟನ್ನು ಗೋಡೆಗೆ ಒರಗಿಸಿ ಸಿಪ್ಪೆಯ ರಾಶಿಯತ್ತ ನಡೆದ.

ಮುಂದಿನ ಸಂತೆಗೆ ನನ್ನನ್ನೂ ಎಳೆದುಕೊಂಡು ಹೋದ. ಜಗಳವಾದರೆ ಒಬ್ಬ ಗಂಡಸಿರಲಿ ಎಂದು ಕರೆದನೆಂದುಕೊಂಡೆ. ತಾನು ಜಗಳಕ್ಕೆ ನಿಂತಾಗ ತನ್ನ ಚಪ್ಪಲಿ ಹಿಡಿದುಕೊಳ್ಳಲು ಕರೆದಿದ್ದನಂತೆ. ವ್ಯಾನಿನ ಮುಂದೆ ನಿಂತು, ಕೊಪ್ಪರಿಗೆಗೆ ಬೀಳಲಿದ್ದುದನ್ನು, ಕೆಲಸ ಹೋದುದನ್ನು ಮೈಕು ಬೇಡದ ಗಂಟಲಲ್ಲಿ ಹೇಳಿದ. ಜನ ಸೇರಿದರು. ಮೈಕಿನವನು ಪಳಗಿದ ಆಸಾಮಿ. ನಗುತ್ತ ಮೈಕನ್ನು ಮರಿಯಯ್ಯನ ಬಾಯಿಗೇ ಹಿಡಿದ.

"ಅದೆಲ್ಲ ಇರ್ಲಿ ಯಜಮಾನ್ರೆ. ಜನರ ಮುಂದೆ ನಿಜ ಹೇಳಿ. ನನ್ನ ಪುಡಿ ಸಕ್ಕರೆ ಇಳಿಸ್ತೋ, ಇಲ್ವೋ?"

ಹೌದೆಂದರೆ ಪುಡಿ ಖರ್ಚಾಗುತ್ತದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಮರಿಯಯ್ಯ ಮೈಕನ್ನು ಕಿತ್ತುಕೊಂಡ.

"ಇಳಿಸ್ತು ಕಣ್ಲಾ. ಗುಂಡಿ ತಂಕ ಇಳಿಸ್ತಿತ್ತು. ಎಲ್ಲಿ ನಿಲ್ಲುಸ್ಬೇಕು ಅಂತ ಸೊಪ್ಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ."